ದಪ್ಪ ತಂತಿಯ ಕಾಯಿಲ್

ತವೀತ ಬಾಗಿಲು ತಟ್ಟಿದಾಗ ನೈರಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಡೆಸ್ ಹಾಲೊವೆ ಕೆಟಲ್ ಹಿಡಿದು ನಿಂತಿದ್ದ. ನೀರು ತಣ್ಣಗಾದ ಹಾಗೆಲ್ಲ ಸುರಿಯುವುದು ಅವನ ಕೆಲಸ. ಈ ಕೆಲಸಕ್ಕೆ ಅವನನ್ನು ಯಾರೂ ನೇಮಿಸಿರಲಿಲ್ಲ. ದ್ವೀಪದ ಫೆರಿ ದೋಣಿಯ ಕೆಲಸದಿಂದ ನಿವೃತ್ತನಾದ ಮೇಲೆ ಒಂದು ದಿನ ಅವಳನ್ನು ಕಾರಿನಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಅಂದಿನಿಂದ ಅವನಿಗೆ ಬಿಡುಗಡೆ ಸಿಕ್ಕಿರಲಿಲ್ಲ, ಅವನು ಕೇಳಿಯೂ ಇರಲಿಲ್ಲ.

ನೈರಿ ದಕ್ಷಿಣದ ಕಡಲ ತುದಿಯ ಬ್ಲಫ್ ಊರಿನ ಪೊಲೀಸ್ ಸಾರ್ಜೆಂಟ್ ಆಗಿದ್ದವಳು. ಮಂಡಿ ಕೈಕೊಟ್ಟಿತು, ಕಣ್ಣು ಮಂಜಾಯಿತು, ಸರ್ಕಾರ ಕೇಕು ಕತ್ತರಿಸಿ ಮನೆಗೆ ಕಳಿಸಿತು. ಊರು ಮಾತ್ರ ಆ ನಿವೃತ್ತಿಯನ್ನು ಒಪ್ಪಿರಲಿಲ್ಲ. ಕಳೆದ ಚಳಿಗಾಲ ಚರ್ಚಿನ ಗಂಟೆ ಕಾಣೆಯಾದಾಗ ಜನ ಠಾಣೆ ದಾಟಿಕೊಂಡು ನೆಟ್ಟಗೆ ಅವಳ ಅಡುಗೆಮನೆಗೇ ಬಂದರು. ಅದು ಯಾರ ದೋಣಿಯ ಲಂಗರಾಗಿ ನೀರಿನ ತಳದಲ್ಲಿ ಕೂತಿದೆ ಎಂಬುದನ್ನು ಅವಳು ಕುರ್ಚಿಯಿಂದ ಏಳದೆಯೇ ಹೇಳಿದ್ದಳು.

"ಒಳಗೆ ಬಾ," ಅಂದಳು. "ಬಾಗಿಲು ಬೇಗ ಹಾಕು. ಗಾಳಿ ಬೆಕ್ಕನ್ನ ಹೊತ್ಕೊಂಡು ಹೋಗುತ್ತೆ."

ಆ ಊರಲ್ಲಿ ಇದು ತಮಾಷೆಯ ಮಾತಲ್ಲ. ದಕ್ಷಿಣದ ಗಾಳಿ ಎದ್ದ ದಿನ ಕಡಲಹಕ್ಕಿಗಳು ಹಾರುವ ಯೋಚನೆ ಬಿಟ್ಟು ಫುಟ್‌ಪಾತಿನ ಮೇಲೆ ನಡೆದುಕೊಂಡೇ ಕೆಲಸಕ್ಕೆ ಹೋಗುತ್ತಿದ್ದವು.

ತವೀತ ಲೆಯೋಟ ಬಾಗಿಲಿನಷ್ಟೇ ಅಗಲದ ಸಮೋವಾದ ಮನುಷ್ಯ. ಬಂದರಿನ ರಸ್ತೆಯಲ್ಲಿ ಅವನದೊಂದು ವೇಪ್ ಅಂಗಡಿ, ಅಂದರೆ ಬ್ಯಾಟರಿಯಿಂದ ರಸ ಕಾಯಿಸಿ ಹೊಗೆ ಎಳೆಯುವ ಸಿಗರೇಟಿನ ಅಂಗಡಿ. ಅಷ್ಟು ದೊಡ್ಡ ಕೈಗಳಲ್ಲಿ ಕೂದಲೆಳೆಯಂಥ ತಂತಿ ಸುತ್ತಿ ಆ ರಸ ಕಾಯಿಸುವ ಕಾಯಿಲ್ ಕಟ್ಟುವುದನ್ನು ನೋಡಲೆಂದೇ ಕೆಲವರು ಅಂಗಡಿಗೆ ಹೋಗುತ್ತಿದ್ದರು. ಈಗ ಆ ಕೈಗಳು ಟೋಪಿಯನ್ನು ಹಿಂಡುತ್ತಿದ್ದವು.

"ಆಂಟಿ, ನನ್ನ ಅಂಗಡಿ ಹೋಗುತ್ತೆ."

"ಶನಿವಾರದ್ದಾ?"

"ಶನಿವಾರದ್ದೇ."

ಶನಿವಾರ ಸಂಜೆ ಕ್ಲಬ್ಬಿನ ವರಾಂಡದಲ್ಲಿ ಆ್ಯಂಗಸ್ ಮೆಕಿವರ್‌ನ ವೇಪ್ ಅವನ ಕೈಯಲ್ಲೇ ಹೊತ್ತಿಕೊಂಡಿತ್ತು. ಆ್ಯಂಗಸ್ ಸಿಂಪಿ ಬಿಚ್ಚುವವನು. ದೋಣಿಗಳು ತಂದು ಸುರಿದ ಸಿಂಪಿಗಳನ್ನು ಚಾಕು ತೂರಿಸಿ ಬಿಚ್ಚುವುದರಲ್ಲಿ ಅವನನ್ನು ಮೀರಿಸುವವರು ಆ ದಡದಲ್ಲಿ ಇರಲಿಲ್ಲ. ಸಿಂಪಿಗಳು ಅವನ ಹೆಜ್ಜೆ ಸಪ್ಪಳ ಕೇಳಿದರೇ ತಾವಾಗಿ ಬಾಯಿ ತೆರೆಯುತ್ತವೆ ಎಂದು ಡೆಸ್ ಎಲ್ಲರಿಗೂ ಹೇಳುತ್ತಿದ್ದ. ಈಗ ಸುಗ್ಗಿಯ ನಡುವೆ ಅವನ ಬಲಗೈ ಬ್ಯಾಂಡೇಜಿನೊಳಗಿತ್ತು.

"ಬ್ಯಾಟರಿ ಡಬ್ಬಿ ಮೇಲಿದ್ದ ರಸದ ಟ್ಯಾಂಕ್ ಬಿಚ್ಚಿ ನೋಡಿದ್ರಂತೆ," ಅಂದ ತವೀತ. "ಒಳಗೆ ದಪ್ಪ ತಂತಿಯ ಕಾಯಿಲ್ ಇತ್ತಂತೆ. ಅದು ಬ್ಯಾಟರಿಯಿಂದ ವಿಪರೀತ ಕರೆಂಟ್ ಎಳೀತಂತೆ, ಬ್ಯಾಟರಿ ಸಿಡೀತಂತೆ. ಆ್ಯಂಗಸ್‌ಗೆ ಕಾಯಿಲ್ ಕಟ್ಟೋನು ನಾನೊಬ್ನೇ. ನಾಳಿದ್ದು ಶುಕ್ರವಾರ ಕಾನ್‌ಸ್ಟೇಬಲ್ ಬ್ರೂಕ್ ವರದಿ ರಾಜಧಾನಿ ವೆಲ್ಲಿಂಗ್ಟನ್ನಿಗೆ ಕಳಿಸ್ತಾಳೆ. ಅದು ಹೋಯ್ತು ಅಂದ್ರೆ ನನ್ನ ಪರವಾನಗಿ ಹೋಯ್ತು. ನನ್ನ ಹೆಂಡತಿ ಈಗ್ಲೇ ಪೆಟ್ಟಿಗೆ ಕಟ್ತಿದ್ದಾಳೆ, ಆಕ್ಲೆಂಡಿಗೆ ಅವಳ ಅಕ್ಕನ ಮನೆಗೆ ಹೋಗೋಣ ಅಂತ."

"ಆ ದಪ್ಪ ಕಾಯಿಲ್ ನೀನು ಕಟ್ಟಿದ್ಯಾ?"

"ಇಲ್ಲ. ಆದ್ರೆ ಕಟ್ಟಿಲ್ಲ ಅನ್ನೋದನ್ನ ಎಲ್ಲಿಂದ ತಂದು ತೋರಿಸ್ಲಿ?"

ನೈರಿ ಕೆಟಲ್ ಕಡೆ ನೋಡಿದಳು. ಡೆಸ್ ಸುರಿದ.

"ಆ್ಯಂಗಸ್ ಡಬ್ಬಿ ಅರವತ್ತು ವ್ಯಾಟಿಂದು, ಆಂಟಿ. ಅದಕ್ಕಿಂತ ಮೇಲೆ ಕೊಡಲ್ಲ, ಒದ್ದರೂ ಕೊಡಲ್ಲ. ದಪ್ಪ ತಂತಿ ಹಾಕಿದ್ರೆ ಅದು ಬಿಸಿಯಾಗೋ ಹೊತ್ತಿಗೆ ಎಳೆಯೋನಿಗೆ ಮೊಮ್ಮಕ್ಕಳಾಗಿರ್ತಾರೆ. ಅವನು ಪ್ರತಿ ಸಲ ಬಂದು, 'ದಪ್ಪದು ಕಟ್ಟು ಬ್ರೋ, ದೊಡ್ಡ ಹೊಗೆಮೋಡ ಬರಲಿ' ಅಂತಾನೆ. ನಾನು ಪ್ರತಿ ಸಲ, 'ನಿನ್ನ ಡಬ್ಬಿ ಶಕ್ತಿ ನೋಡ್ಕೊಂಡು ಆಸೆಪಡು' ಅಂತೀನಿ. ತೆಳು ತಂತಿ ಸುತ್ತಿ ಪಾಯಿಂಟ್ ಮೂರೂವರೆ ಓಮಿಗೆ ತಂದು ಕೊಡ್ತೀನಿ. ಯಾವತ್ತೂ ಅಷ್ಟೇ."

"ಈ ಓಮ್ ಅಂದ್ರೆ ಏನಪ್ಪ?" ಡೆಸ್ ಕೇಳಿದ.

"ತಂತಿ ಕರೆಂಟಿಗೆ ಎಷ್ಟು ಅಡ್ಡ ನಿಲ್ಲುತ್ತೆ ಅಂತ, ಅಂಕಲ್. ತಂತಿ ದಪ್ಪ ಆದಷ್ಟೂ ಓಮ್ ಕಮ್ಮಿ, ಓಮ್ ಕಮ್ಮಿ ಆದಷ್ಟೂ ಕರೆಂಟ್ ನುಗ್ಗುತ್ತೆ. ಅದಕ್ಕೇ ಡಬ್ಬಿ ಒಳಗೆ ಒಂದು ಚಿಪ್ ಇಟ್ಟಿರ್ತಾರೆ. ಮೇಲಕ್ಕೂ ಮಿತಿ, ಕೆಳಕ್ಕೂ ಮಿತಿ. ಆ ಎರಡರ ನಡುವೆ ಕಟ್ಟೋದೇ ನಮ್ಮ ಕಸುಬು."

"ಕೆಳಕ್ಕೂ?" ಅಂದಳು ನೈರಿ.

"ಕೆಳಕ್ಕೂ. ರಾಯ್ಸ್ ಥರದವರ ಹತ್ರ ಹಿತ್ತಾಳೆ ಕೊಳವೆ ಇರುತ್ತಲ್ಲ, ಅದಕ್ಕೆ ಚಿಪ್ಪೂ ಇಲ್ಲ ಗಿಪ್ಪೂ ಇಲ್ಲ. ಬ್ಯಾಟರಿ, ಗುಂಡಿ, ಬಾಯಿ, ಅಷ್ಟೇ. ಅದು ಯಾವುದಕ್ಕೂ ಬೇಡ ಅನ್ನಲ್ಲ. ಅಂಥದಕ್ಕೆ ನಾನು ಕಟ್ಟೋದೇ ಇಲ್ಲ, ಅವರೇ ಕಟ್ಕೋತಾರೆ."

"ರಾಯ್ಸ್ ಅಂದ್ರೆ ಶೋನಳ ತಮ್ಮ ತಾನೆ? ಅಂಥ ಕೊಳವೆ ಊರಲ್ಲಿ ಇನ್ಯಾರ ಹತ್ರ ಇದೆ?"

"ಮೂರ್ನಾಲ್ಕು ಜನದ ಹತ್ರ. ಮೊದಲು ಶೋನಳ ಹತ್ರಾನೂ ಒಂದಿತ್ತು."

ಶೋನ ಆ್ಯಂಗಸ್‌ನ ಹೆಂಡತಿ. ಕ್ಲಬ್ಬಿನ ಬಾರು ನೋಡಿಕೊಳ್ಳುವವಳು. ಅಂಗಡಿ ತೆರೆದ ದಿನವೇ ಅವಳು, "ಸಿಗರೇಟು ಬಿಡಿಸ್ತೀನಿ ಅಂತ ನನ್ನ ಗಂಡನ ಬಾಯಿಗೆ ಹೊಗೆ ಕೊಳವೆ ಸಿಗಿಸಿದ್ದೀಯ. ಒಂದಿನ ಈ ಅಂಗಡಿಗೆ ನಾನೇ ಬೀಗ ಹಾಕ್ತೀನಿ" ಎಂದು ರಸ್ತೆಯಲ್ಲಿ ನಿಂತು ಹೇಳಿದ್ದನ್ನು ಡೆಸ್ ಸ್ವತಃ ಕೇಳಿದ್ದ. ಅವಳು ಹೇಳಿದ್ದನ್ನು ಮಾಡುವವಳು ಎಂಬುದೂ ಅವನಿಗೆ ಗೊತ್ತಿತ್ತು.

ನೈರಿ ಬಕೆಟ್ಟಿನಿಂದ ಒಂದು ಕಾಲು ತೆಗೆದಳು. ಸ್ವಲ್ಪ ಹೊತ್ತು ಅದನ್ನೇ ನೋಡಿ ಇನ್ನೊಂದನ್ನೂ ತೆಗೆದಳು. "ಟವೆಲ್ ಕೊಡು ಡೆಸ್," ಅಂದಳು, ಯಾರೋ ತನ್ನನ್ನು ಗಣಿಗೆ ಇಳಿಸುತ್ತಿದ್ದಾರೆ ಎಂಬ ದನಿಯಲ್ಲಿ.

ಠಾಣೆಯಲ್ಲಿ ಕಾನ್‌ಸ್ಟೇಬಲ್ ಬ್ರೂಕ್ ಒಬ್ಬಳೇ ಇದ್ದಳು. ಎರಡು ಊರಿಗೆ ಒಬ್ಬಳೇ ಪೊಲೀಸು. ಎರಡೂ ಊರಿನವರು ಅವಳು ಯಾವಾಗಲೂ ಇನ್ನೊಂದು ಊರಲ್ಲೇ ಇರುತ್ತಾಳೆ ಎಂದು ದೂರುತ್ತಿದ್ದರು. ನೈರಿಯನ್ನು ಕಂಡು ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು.

"ಮೇಡಂ, ತವೀತ ಒಳ್ಳೆಯವನು ಅಂತ ನನಗೂ ಗೊತ್ತು. ಆದ್ರೆ ಒಳ್ಳೆಯತನಾನ ವರದಿಯಲ್ಲಿ ಎಲ್ಲಿ ಬರೀಲಿ?"

"ಎಲ್ಲೂ ಬರೀಬೇಡ. ಆ ವೇಪ್ ತೋರ್ಸು. ಡೆಸ್, ನನ್ನ ಕಣ್ಣು ನೀನು."

ಡೆಸ್ ಕೈಗವಸು ಹಾಕಿಕೊಂಡು ಚೀಲದಿಂದ ತೆಗೆದ. ಕೆಳಗಿನ ಡಬ್ಬಿ ಕಲ್ಲಿದ್ದಲಿನ ಹಾಗಿತ್ತು. ಬ್ಯಾಟರಿ ಕೂರುವ ಗೂಡಿನ ಬಾಗಿಲು ಬಾಯಿ ಬಿಟ್ಟುಕೊಂಡಿತ್ತು. ಮೇಲೆ ಸಿಕ್ಕಿಸಿದ್ದ ಟ್ಯಾಂಕ್, ಅಂದರೆ ಕಾಯಿಲ್ ಮತ್ತು ರಸ ಇರುವ ಭಾಗ, ಮದುವೆಗೆ ಹೊರಟ ಹಾಗೆ ಹೊಳೆಯುತ್ತಿತ್ತು.

"ಟ್ಯಾಂಕ್ ತಿರುಗಿಸಿ ಬಿಚ್ಚು. ಕೂಡೋ ಜಾಗ ಹೇಗಿದೆ?"

"ಡಬ್ಬಿ ಕಡೆ ಪೂರ್ತಿ ಮಸಿ. ಮರಳೂ ಮೆತ್ತಿದೆ."

ಮರಳು ಡೆಸ್‌ನದೇ. ಬೆಂಕಿ ಕಂಡ ಕೂಡಲೇ ವರಾಂಡದಲ್ಲಿ ಸಿಗರೇಟು ಹೊಸಕಲು ಇಟ್ಟಿದ್ದ ಮರಳಿನ ಬಕೆಟ್ಟನ್ನು ಅದರ ಮೇಲೆ ಸುರಿದವನು ಅವನೇ. ಒಂದಿಷ್ಟು ಮರಳು, ಬಹಳಷ್ಟು ಸಿಗರೇಟಿನ ತುಂಡು.

"ಮೂಸಿ ನೋಡು."

"ಯಾಕೆ ಯಾವಾಗ್ಲೂ ಇಂಥ ಕೆಲಸ ನನಗೇ ಬರುತ್ತೆ ಸಾರ್ಜೆಂಟ್?" ಡೆಸ್ ಟ್ಯಾಂಕಿನೊಳಗಿನ ರಸ ಹೀರುವ ಹತ್ತಿಯನ್ನು ಮೂಸಿದ. "ಫಿಜೋವಾ ಹಣ್ಣು."

"ಅರ್ಧ ಊರು ಅದನ್ನೇ ಎಳೆಯುತ್ತೆ," ಅಂದಳು ಬ್ರೂಕ್.

"ಓಮ್ ಎಷ್ಟು ಬಂತು?"

"ಟ್ಯಾಂಕನ್ನ ಇನ್ವರ್ಕಾರ್ಗಿಲ್ಲಿನ ತಜ್ಞರಿಗೆ ಕೊಟ್ಟಿದ್ದೆ. ಪಾಯಿಂಟ್ ಸೊನ್ನೆ ಎಂಟು. ಬಹಳ ಕಮ್ಮಿ, ಅಪಾಯ ಅಂದ್ರು."

"ಡಬ್ಬೀನೂ ಕಳ್ಸಿದ್ಯಾ?"

"ಇಲ್ಲ ಮೇಡಂ. ಅದರಲ್ಲಿ ಏನು ಉಳಿದಿದೆ?"

ನೈರಿ ಡೆಸ್ ಕಡೆ ತಿರುಗಿದಳು. ಡಬ್ಬಿಯ ಹೊಟ್ಟೆಯಲ್ಲಿ ಏನಿದೆ ನೋಡು ಎಂದಳು. ಡೆಸ್ ಪೆನ್ಸಿಲ್ ತುದಿಯಿಂದ ಕೆದಕಿದ. ಬ್ಯಾಟರಿಯ ಕರಕಲು ಇತ್ತು. ಅದರ ಸುತ್ತ ಡಾಂಬರಿನಂಥ ಕಪ್ಪು ಅಂಟು ಹತ್ತಿಕೊಂಡು, ಪೆನ್ಸಿಲ್ ಜೊತೆ ಎಳೆಯಾಗಿ ಎದ್ದು ಬಂತು.

"ಈಗ ಶನಿವಾರದ್ದು ಹೇಳು. ಬೆಂಕಿ ಆರಿದ ಮೇಲೆ ಇದರ ಪಕ್ಕ ಯಾರಿದ್ರು?"

ಡೆಸ್ ಯೋಚಿಸಿದ. "ತವೀತ, ಶೋನ ಸೇರ್ಕೊಂಡು ಆ್ಯಂಗಸ್‌ನ ಎತ್ತಿ ಕಾರಿಗೆ ಹಾಕಿದ್ರು. ನಾನು ಬ್ರೂಕ್‌ಗೆ ಫೋನ್ ಮಾಡೋಕೆ ಒಳಗೆ ಹೋದೆ. ಆಗ ರಾಯ್ಸ್ ವರಾಂಡದಲ್ಲಿ ಬೆಂಚಿನ ಮೇಲೆ ತಲೆ ಹಿಡ್ಕೊಂಡು ಕೂತಿದ್ದ. ಶೋನ ಕಾರಿನ ಕೀಲಿ ಮರೆತು ವಾಪಸ್ ಓಡಿ ಬಂದ್ಲು. ಅವರು ಹೊರಟ ಮೇಲೆ ತವೀತ ಬಂದು ಕಾವಲು ನಿಂತ, ರಾಯ್ಸ್ ಒಳಗೆ ಹೋದ. ಮೂರೂ ಜನ ಒಂದೊಂದು ಹೊತ್ತು ಅದರ ಪಕ್ಕ ಇದ್ರು. ನಾನೂ ಇದ್ದೆ."

"ನಿನ್ನನ್ನ ಬಿಡು. ನಿಂಗೆ ಬಲ್ಬು ಬದಲಾಯಿಸೋಕೇ ಇಬ್ಬರು ಬೇಕು."

ಆ್ಯಂಗಸ್‌ನ ಮನೆ ಗುಡ್ಡದ ಮೇಲೆ. ಕಾರಿನಿಂದ ಇಳಿದು ಏಳು ಮೆಟ್ಟಿಲು ಹತ್ತುವಷ್ಟರಲ್ಲಿ ನೈರಿ ಎರಡು ಸಲ ಪ್ರಪಂಚವನ್ನು ಬೈದಳು. ಒಳಗೆ ಆ್ಯಂಗಸ್ ಸೋಫಾದ ಮೇಲೆ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, ಅದು ಪಕ್ಕದ ಮನೆಯಿಂದ ಬಂದ ಮಗು ಎಂಬಂತೆ ನೋಡುತ್ತ ಮಲಗಿದ್ದ. ರಾಯ್ಸ್ ನೆಲದ ಮೇಲೆ ಕೂತು ಅಕ್ಕನ ಟೋಸ್ಟರ್ ರಿಪೇರಿ ಮಾಡುತ್ತಿದ್ದ. ಅವನ ಗಂಬೂಟಿನ ಹಿಮ್ಮಡಿಗೆ ಕಪ್ಪು ಇನ್ಸುಲೇಷನ್ ಟೇಪು, ಕನ್ನಡಕದ ಕಿವಿಗೆ ಕಪ್ಪು ಟೇಪು, ಈಗ ಟೋಸ್ಟರಿಗೂ ಕಪ್ಪು ಟೇಪು. ಬಾಯಲ್ಲಿ ಪೆಪ್ಪರ್‌ಮಿಂಟು.

"ಎದ್ದು ಆಂಟಿಗೆ ಕುರ್ಚಿ ಕೊಡೋ ಕತ್ತೆ," ಶೋನ ತಮ್ಮನನ್ನು ಗದರಿದಳು. ಆಮೇಲೆ ನೈರಿಗೆ, "ತವೀತನ ಪರ ಮಾತಾಡೋಕೆ ಬಂದಿದ್ರೆ ಟೀ ಕೊಡಲ್ಲ."

"ಟೀ ಕುಡಿದ ಮೇಲೆ ಯಾರ ಪರ ಅಂತ ಹೇಳ್ತೀನಿ. ಆ್ಯಂಗಸ್, ಶನಿವಾರ ಆ ವೇಪ್ ಸರಿಯಾಗಿ ಎಳೀತಿತ್ತಾ?"

"ಯಾವತ್ತಿನ ಹಾಗೇ. ಜಿಪುಣ ಮೋಡ, ಪುದೀನ ವಾಸನೆ. ತವೀತನ ಮೋಡ ಗೊತ್ತಲ್ಲ ನಿಮ್ಗೆ, ಪಾದ್ರಿ ಮುಂದೆ ಬಿಟ್ಟರೂ ಬೈಯಲ್ಲ."

"ಸಾಯಂಕಾಲ ಪೂರ್ತಿ?"

"ಪೂರ್ತಿ. ಮಧ್ಯೆ ಬ್ಯಾಟರಿ ಇಳೀತು. ನಾನು ಪೂಲ್ ಆಡ್ತಿದ್ದೆ, ಗೆಲ್ತಿದ್ದೆ ಬೇರೆ. ಚಾರ್ಜರಿಂದ ನನ್ನ ಹೊಸ ಬ್ಯಾಟರಿ ತಗೊಂಡು ಹಾಕ್ಕೊಡು ಅಂತ ರಾಯ್ಸ್‌ಗೆ ಡಬ್ಬಿ ಕೊಟ್ಟೆ. ಹಾಕ್ಕೊಟ್ಟ. ಮತ್ತೆ ಎಳೀತಾ ಇದ್ದೆ. ಸ್ವಲ್ಪ ಹೊತ್ತಿಗೆ ಕೈಯಲ್ಲಿ ಬಿಸಿ ಆಯ್ತು, ಆಮೇಲೆ ಬಿಸಿ ಅನ್ನೋ ಮಾತು ಸಾಲದಾಯ್ತು."

"ಪಾಪ ನನ್ನ ತಮ್ಮ," ಅಂದಳು ಶೋನ. "ಅದನ್ನ ನೋಡಿ ಹೆದರಿ ಅವತ್ತಿಂದ ಹೊಗೆ ಎಳೆಯೋದೇ ಬಿಟ್ಟ. ಹದಿನಾರಕ್ಕೆ ಶುರು ಮಾಡಿದ್ದು. ನಮ್ಮಮ್ಮ ಬಿಡು ಅಂತ ಹೇಳಿ ಹೇಳಿ ಸತ್ತಳು, ಬಿಟ್ಟಿರ್ಲಿಲ್ಲ."

"ಒಳ್ಳೇದಾಯ್ತು. ನಿನ್ನ ಹಿತ್ತಾಳೆ ಕೊಳವೆ ಎಲ್ಲಪ್ಪ ರಾಯ್ಸ್?"

"ಸಮುದ್ರಕ್ಕೆ ಎಸೆದೆ ಆಂಟಿ," ರಾಯ್ಸ್ ಟೋಸ್ಟರಿಗೆ ಹೇಳಿದ.

ಶೋನ ಕಣ್ಣೊರೆಸಿಕೊಂಡಳು. ನೈರಿ ಟೀ ಕುಡಿದು ಮುಗಿಸಿದಳು. ಹೊರಗೆ ಬಂದ ಮೇಲೆ ಮೆಟ್ಟಿಲ ತುದಿಯಲ್ಲಿ ಬಹಳ ಹೊತ್ತು ಡೆಸ್‌ನ ತೋಳು ಹಿಡಿದು ನಿಂತಳು. ಮಂಡಿ ನೋವೋ ಎಂದು ಅವನು ಕೇಳಿದ.

"ಮಂಡಿಯೂ ಹೌದು," ಅಂದಳು. "ಈ ಊರಲ್ಲಿ ಒಬ್ಬನಾದ್ರೂ ನನಗೆ ಪರಿಚಯ ಇಲ್ಲದ ಕಳ್ಳ ಇದ್ದಿದ್ರೆ ಚೆನ್ನಾಗಿತ್ತು ಡೆಸ್. ಎಲ್ಲರನ್ನೂ ತೊಟ್ಟಿಲಿಂದ ನೋಡಿದ್ದೀನಿ. ನಾಳೆ ಮಧ್ಯಾಹ್ನ ಕ್ಲಬ್ಬಿಗೆ ಎಲ್ಲರನ್ನೂ ಕರಿ."

ಗುರುವಾರ ಮಧ್ಯಾಹ್ನ, ಬಾರು ತೆರೆಯುವ ಮುಂಚೆ, ಪೂಲ್ ಮೇಜಿನ ಸುತ್ತ ಎಲ್ಲರೂ ಕೂತರು. ಶೋನ ಚೀಸ್ ರೋಲ್ ಸುಟ್ಟು ತಂದಿಟ್ಟಿದ್ದಳು. ಅಲ್ಲಿ ಸಾವಿಗೂ ಮದುವೆಗೂ ವಿಚಾರಣೆಗೂ ಚೀಸ್ ರೋಲೇ. ತವೀತ ಬಾಗಿಲ ಪಕ್ಕ ನಿಂತೇ ಇದ್ದ. ಯಾರೂ ಅವನಿಗೆ ಕೂರು ಅನ್ನಲಿಲ್ಲ. ಬ್ರೂಕ್ ಚೀಲವನ್ನು ಮೇಜಿನ ಹಸಿರು ಬಟ್ಟೆಯ ಮೇಲಿಟ್ಟಳು.

"ತವೀತ, ಆ್ಯಂಗಸ್ ಹತ್ರ ಇದ್ದಂಥದೇ ಹೊಸ ಡಬ್ಬಿ ತಂದಿದ್ದೀಯಲ್ಲ? ಒಳ್ಳೇ ಬ್ಯಾಟರಿ ಹಾಕಿ ಮೇಜಿನ ಮೇಲಿಡು. ಬ್ರೂಕ್, ಆ ಅಪಾಯದ ಟ್ಯಾಂಕನ್ನ ನಿನ್ನ ಕೈಯಾರೆ ಅದಕ್ಕೆ ಸಿಗಿಸು."

ಆ್ಯಂಗಸ್ ಕುರ್ಚಿ ಸಮೇತ ಹಿಂದೆ ಸರಿದ. ಡೆಸ್ ಮರಳಿನ ಬಕೆಟ್ ತರಲು ಎದ್ದ.

"ಕೂತ್ಕೋ ಡೆಸ್. ಬ್ರೂಕ್, ಗುಂಡಿ ಒತ್ತು."

ಬ್ರೂಕ್ ಮುಖ ತಿರುಗಿಸಿಕೊಂಡು ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಡಬ್ಬಿಯ ಪುಟ್ಟ ಪರದೆಯ ಮೇಲೆ ಎರಡು ಪದ ಬಂದು ಹೋದವು.

"ಏನಂತೆ?"

"ಓಮ್ ಕಮ್ಮಿ ಅಂತೆ," ಅಂದಳು ಬ್ರೂಕ್.

"ಈ ಡಬ್ಬಿ ಪಾಯಿಂಟ್ ಒಂದರ ಕೆಳಗೆ ಯಾವ ಕಾಯಿಲ್ಲನ್ನೂ ಹೊತ್ತಿಸಲ್ಲ," ಅಂದಳು ನೈರಿ. "ತವೀತ ನನಗೆ ಮೊದಲೇ ಹೇಳಿದ್ದ, ಮಿತಿ ಕೆಳಕ್ಕೂ ಇದೆ ಅಂತ. ಈ ಕಾಯಿಲ್ ಪಾಯಿಂಟ್ ಸೊನ್ನೆ ಎಂಟು. ಇದು ಮೇಲಿದ್ರೆ ಆ್ಯಂಗಸ್‌ಗೆ ಶನಿವಾರ ಒಂದು ಗುಟುಕು ಹೊಗೆಯೂ ಬರ್ತಿರ್ಲಿಲ್ಲ. ಆದ್ರೆ ಅವನು ಸಾಯಂಕಾಲ ಪೂರ್ತಿ ಎಳ್ದ. ಅದೂ ಜಿಪುಣ ಮೋಡ, ಪುದೀನ. ಅಂದ್ರೆ ತವೀತ ಕಟ್ಟಿದ ತೆಳು ಕಾಯಿಲ್. ಇದರಲ್ಲಿರೋ ಹತ್ತಿ ಫಿಜೋವಾ ವಾಸನೆ."

"ಮತ್ತೆ ಇದು ಹೇಗೆ ಬಂತು?" ಆ್ಯಂಗಸ್ ಕೇಳಿದ.

"ಬೆಂಕಿ ಆರಿದ ಮೇಲೆ ಬಂತು. ಟ್ಯಾಂಕ್ ಡಬ್ಬಿಗೆ ಕೂತಿದ್ದಾಗ ಬೆಂಕಿ ಹತ್ತಿದ್ರೆ ಟ್ಯಾಂಕಿನ ಹೊರಗೆ ಮಸಿ ಇರ್ಬೇಕು, ಕೂಡೋ ಜಾಗ ಚೊಕ್ಕ ಇರ್ಬೇಕು. ಇಲ್ಲಿ ತಲೆಕೆಳಗು. ಟ್ಯಾಂಕ್ ಹೊಳೀತಿದೆ, ಅದರ ಅಡಿಯಲ್ಲಿ ಡೆಸ್ ಸುರಿದ ಮರಳು. ಯಾರೋ ಸುಟ್ಟ ಟ್ಯಾಂಕ್ ತಿರುಗಿಸಿ ತೆಗೆದು, ತಮ್ಮದನ್ನ ಸಿಗಿಸಿದ್ರು. ತಿರುಪು ಎಲ್ಲದಕ್ಕೂ ಒಂದೇ ಅಳತೆ."

ಬ್ರೂಕ್ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. "ನಾನು ಟ್ಯಾಂಕ್ ಒಂದನ್ನೇ ಕಳಿಸಿದೆ," ಅಂದಳು. ಡೆಸ್ ಚೀಸ್ ರೋಲಿನ ತಟ್ಟೆಯನ್ನು ಅವಳ ಕಡೆ ತಳ್ಳಿದ. ಎರಡು ಊರು ಒಬ್ಬಳೇ ಹೊತ್ತವಳು.

"ಈಗ ಯಾರು ಅನ್ನೋದು. ಅಲ್ಲಿ ಮೂರು ಜನ ಇದ್ರು. ತವೀತ ಮಾಡಿರೋಕೆ ಸಾಧ್ಯ ಇಲ್ಲ. ತನ್ನ ತಲೆಗೇ ತಪ್ಪು ಬರೋ ಹಾಗೆ ಯಾರು ಮಾಡ್ತಾರೆ? ಅದೂ ಅಲ್ದೆ ಈ ಡಬ್ಬಿ ಇಂಥ ಕಾಯಿಲ್ ಒಪ್ಪಲ್ಲ ಅಂತ ಅವನಿಗೆ ನಿದ್ದೆಗಣ್ಣಲ್ಲೂ ಗೊತ್ತು. ಇದು ಗೊತ್ತಿಲ್ಲದವರ ಕೆಲಸ. ಚಿಪ್ ಇಲ್ಲದ ಕೊಳವೇಲಿ ಬೆಳೆದವರಿಗೆ ದಪ್ಪ ತಂತಿ ಅಂದ್ರೆ ದೊಡ್ಡ ಕರೆಂಟು, ದೊಡ್ಡ ಕರೆಂಟು ಅಂದ್ರೆ ಸಿಡಿತ. ಡಬ್ಬಿ ಬೇಡ ಅನ್ನಬಹುದು ಅನ್ನೋ ಯೋಚನೆ ಅವರಿಗೆ ಬರೋದೇ ಇಲ್ಲ. ಅವರ ಕೊಳವೆ ಯಾವತ್ತೂ ಬೇಡ ಅಂದಿಲ್ಲ."

ಶೋನಳ ಕತ್ತು ಕೆಂಪಾಯಿತು. "ನನ್ನ ಹತ್ರಾನೂ ಅಂಥದಿತ್ತು ಅಂತ ಹೇಳೋಕೆ ಹೊರಟಿದ್ದೀರಾ? ಅಂಗಡಿಗೆ ಬೀಗ ಹಾಕ್ತೀನಿ ಅಂದಿದ್ದೆ, ಹೌದು. ಈಗ್ಲೂ ಅಂತೀನಿ."

"ಅನ್ನು. ನೀನಲ್ಲ. ನೀನು ಕೀಲಿ ತಗೊಂಡು ಹೋಗೋಕೆ ಬಂದಾಗ ಕೈಯಲ್ಲಿ ಇನ್ನೊಂದು ಟ್ಯಾಂಕ್ ಇಟ್ಕೊಂಡು ಬರೋಕೆ, ನಿಂಗೆ ಮೊದಲೇ ಗೊತ್ತಿರ್ಬೇಕಿತ್ತು ಬೆಂಕಿ ಹತ್ತುತ್ತೆ ಅಂತ. ನಿನ್ನ ಕೊಳವೆ ನೀನು ಬಿಟ್ಟು ವರ್ಷಗಳಾಯ್ತು. ಆ ಹೊತ್ತಲ್ಲಿ ಜೇಬಿನಲ್ಲಿ ಹಸಿ ರಸ ಇರೋ ಟ್ಯಾಂಕ್ ಇದ್ದಿದ್ದು, ಅವತ್ತೂ ಹೊಗೆ ಎಳೀತಿದ್ದವನ ಹತ್ರ. ತನ್ನ ಟ್ಯಾಂಕ್ ಇದಕ್ಕೆ ಸಿಗಿಸಿದ ಮೇಲೆ ಅವನಿಗೆ ಎಳೆಯೋಕೆ ಏನೂ ಉಳೀಲಿಲ್ಲ. ಅಲ್ದೆ ಫಿಜೋವಾ ವಾಸನೆಯ ಹೊಸ ಟ್ಯಾಂಕ್ ತಗೊಳ್ಳೋಕೆ ಊರಲ್ಲಿರೋ ಒಂದೇ ಅಂಗಡಿಗೆ ಹೋಗ್ಬೇಕು. ತವೀತನ ಎದುರು ನಿಂತು ಕೇಳ್ಬೇಕು. ಅದಕ್ಕಿಂತ ಪೆಪ್ಪರ್‌ಮಿಂಟು ವಾಸಿ."

ಯಾರೂ ರಾಯ್ಸ್ ಕಡೆ ನೋಡಲಿಲ್ಲ. ಆ ಊರಿನ ಮರ್ಯಾದೆ ಅದು. ಅವನು ಚೀಸ್ ರೋಲನ್ನು ಅರ್ಧ ಕಚ್ಚಿದವನು ಹಾಗೇ ತಟ್ಟೆಯಲ್ಲಿ ಇಟ್ಟ.

"ಹೊಸ ಬ್ಯಾಟರಿಗೆ ಕಪ್ಪು ಅಂಟು ಇರಲ್ಲ ರಾಯ್ಸ್," ಅಂದಳು ನೈರಿ. ದನಿ ಏರಿಸಲಿಲ್ಲ, ಏರಿಸುವ ಶಕ್ತಿಯೂ ಇದ್ದ ಹಾಗೆ ಕಾಣಲಿಲ್ಲ. "ಬ್ಯಾಟರಿ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಹರಿದ್ರೆ ತವೀತ ಹೊಸ ಸಿಪ್ಪೆ ತೊಡಿಸಿ ಬಿಸಿ ಮಾಡಿ ಕೂರಿಸ್ತಾನೆ. ಟೇಪು ಸುತ್ತೋನು ನೀನೊಬ್ನೇ. ಸುಟ್ಟಿದ್ದು ಆ್ಯಂಗಸ್ ಬ್ಯಾಟರಿ ಅಲ್ಲ."

ಗೋಡೆ ಗಡಿಯಾರದ ಪಕ್ಕದ ಕಿಟಕಿಯನ್ನು ಗಾಳಿ ಅಲ್ಲಾಡಿಸಿತು. ರಾಯ್ಸ್ ಕನ್ನಡಕ ತೆಗೆದ.

"ಅವನದು ಹೊಸದು," ಅಂದ. "ನನ್ನದು ಸೋತು ಹೋಗಿತ್ತು. ಒಂದು ಸಾಯಂಕಾಲಕ್ಕೆ ಅಂತ ಅದಲು ಬದಲು ಮಾಡ್ದೆ. ಆಟದಲ್ಲಿದ್ದಾನೆ, ಗೊತ್ತಾಗಲ್ಲ, ಮನೆಗೆ ಹೋಗೋ ಮುಂಚೆ ವಾಪಸ್ ಹಾಕೋಣ ಅಂದ್ಕೊಂಡೆ. ಟೇಪು ಕರಗುತ್ತೆ ಅಂತ ನಂಗೇನು ಗೊತ್ತು ಆಂಟಿ? ಬೂಟಿನ ಮೇಲೆ ಕರಗಿಲ್ಲ."

"ಟೇಪು ಕರಗ್ತು, ಸಿಪ್ಪೆ ಹರಿದ ಜಾಗ ಡಬ್ಬಿ ಗೋಡೆಗೆ ತಾಗ್ತು," ಅಂದ ತವೀತ ಬಾಗಿಲ ಕಡೆಯಿಂದ, ಮೆಲ್ಲಗೆ. "ಅಲ್ಲಿಗೆ ಚಿಪ್ಪೂ ಏನೂ ಮಾಡೋಕಾಗಲ್ಲ."

"ತವೀತನ ಮೇಲೆ ಯಾಕೋ ಹಾಕ್ದೆ?" ಆ್ಯಂಗಸ್ ಕೇಳಿದ. ಸಿಟ್ಟಿಗಿಂತ ಆಶ್ಚರ್ಯವೇ ಜಾಸ್ತಿ ಇತ್ತು.

"ಅವನ ಮೇಲೆ ಅಂತ ಅಲ್ಲ. ಬ್ಯಾಟರಿ ಮೇಲಿಂದ ಕಣ್ಣು ತಪ್ಪಿಸೋಕೆ. ನಿನ್ನ ಕೈ ಆ ಥರ ನೋಡ್ದೆ. ಅಕ್ಕ ಕಿರುಚ್ತಿದ್ಲು. ನಾನು ಇವಳ ಕಾರು ನೀರಿಗೆ ಬಿಟ್ಟಿದ್ದೀನಿ, ಇವಳ ಮದುವೆ ಫೋಟೋಗಳಿದ್ದ ಗ್ಯಾರೇಜು ಸುಟ್ಟಿದ್ದೀನಿ. ಈಗ ಗಂಡನ ಕೈನೂ ನಾನೇ ಅಂತ ಹೇಗೆ ಹೇಳ್ಲಿ? ನಿನ್ನ ಟ್ಯಾಂಕನ್ನ ಬಂದರಲ್ಲಿ ಎಸೆದೆ. ಕೊಳವೆ ಸಾಕ್ಸ್ ಡ್ರಾಯರಲ್ಲಿದೆ. ನಿನ್ನ ಬ್ಯಾಟರೀನೂ ಅದರಲ್ಲೇ ಇದೆ."

ಶೋನ ತಮ್ಮನನ್ನು ಹೊಡೆಯುತ್ತಾಳೆ ಎಂದು ಎಲ್ಲರೂ ಕಾದರು. ಡೆಸ್ ತನ್ನ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ. ಅವಳು ತಟ್ಟೆ ಎತ್ತಿಕೊಂಡು ಬಾರಿನ ಹಿಂದೆ ಹೋದಳು, ತೊಳೆದಳು, ಒರೆಸಿದಳು, ಇಟ್ಟಳು.

"ನಾಳೆ ಬೆಳಿಗ್ಗೆ ಆ್ಯಂಗಸ್ ಜಾಗದಲ್ಲಿ ನೀನು ಸಿಂಪಿ ಬಿಚ್ಚೋಕೆ ನಿಂತ್ಕೋತೀಯ," ಅಂದಳು. "ಅವನ ಕೈ ವಾಸಿಯಾಗೋ ತನಕ. ಬೆರಳು ಕುಯ್ಕೊಂಡ್ರೆ ಟೇಪು ಸುತ್ಕೋ. ಬ್ರೂಕ್, ನಿನ್ನ ಕೇಸು ಏನಿದ್ರೂ ಸಾಯಂಕಾಲ ಹೊತ್ತು ಇಟ್ಕೋ. ಹಗಲು ಇವನಿಗೆ ಕೆಲಸ ಇದೆ."

ರಾಯ್ಸ್ ತಲೆಯಾಡಿಸಿದ. ಬೈಸಿಕೊಂಡಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಶೋನ ಬಾರಿನ ಮೇಲೆ ಎರಡೂ ಕೈ ಊರಿ ನಿಂತು ಬಾಗಿಲ ಕಡೆ ನೋಡಿದಳು. ಆ ಊರಲ್ಲಿ ಕ್ಷಮೆ ಕೇಳುವುದಕ್ಕೆ ಬೇರೆ ಮಾತಿಲ್ಲ.

"ಏನ್ ಕುಡೀತೀಯ ತವೀತ?"

ತವೀತ ಯೋಚಿಸಿದ. ನಿಂತಲ್ಲಿಂದ ಬಂದು ಮೂಲೆಯ ದೊಡ್ಡ ಕುರ್ಚಿಯಲ್ಲಿ ಕೂತು ಯೋಚಿಸಿದ. ಟೋಪಿಯನ್ನು ಎದೆಯ ಮೇಲಿಟ್ಟುಕೊಂಡ. ಉತ್ತರ ಬರಲಿಲ್ಲ. ಶೋನ ಬಗ್ಗಿ ನೋಡಿದಳು. ಐದು ದಿನದಿಂದ ಮುಚ್ಚದ ಕಣ್ಣುಗಳು ಮುಚ್ಚಿದ್ದವು, ಬಾಯಿ ಸ್ವಲ್ಪ ತೆರೆದಿತ್ತು.

ಬ್ರೂಕ್ ಎದ್ದು ತುದಿಗಾಲಲ್ಲಿ ವರಾಂಡಕ್ಕೆ ಹೋಗಿ ವೆಲ್ಲಿಂಗ್ಟನ್ನಿಗೆ ಫೋನ್ ಮಾಡಿದಳು. ಅಂಗಡಿಯವನ ತಪ್ಪಿಲ್ಲ, ವರದಿ ಬೇರೆ ಬರುತ್ತೆ ಎಂದು ಅವಳು ಪಿಸುದನಿಯಲ್ಲಿ ಹೇಳುತ್ತಿದ್ದದ್ದು ಕಿಟಕಿಯಲ್ಲಿ ಕೇಳುತ್ತಿತ್ತು. ಯಾಕೆ ಪಿಸುಗುಡುತ್ತಿದ್ದೀರಿ, ಅಲ್ಲಿ ಏನಾದರೂ ಅಪಾಯವೇ ಎಂದು ಆ ಕಡೆಯವರು ಕೇಳಿರಬೇಕು. "ಇಲ್ಲ, ಒಬ್ಬರು ಮಲಗಿದ್ದಾರೆ," ಅಂದಳು.

ಹೊತ್ತಾಯಿತು, ಬಾರು ತೆರೆಯಿತು, ದೋಣಿಯವರು ಬಂದರು. ಬಾಗಿಲಲ್ಲೇ ಶೋನ ಬೆರಳು ತುಟಿಯ ಮೇಲಿಟ್ಟು ಮೂಲೆ ತೋರಿಸಿದಳು. ಆ ಸಂಜೆ ಕ್ಲಬ್ಬಿನಲ್ಲಿ ನಡೆದದ್ದನ್ನು ಡೆಸ್ ಹೇಳಿದರೆ ಯಾರೂ ನಂಬುವುದಿಲ್ಲ, ಆದರೂ ನಡೆದದ್ದು ಹಾಗೆಯೇ. ಪೂಲ್ ಆಡುವವರು ಚೆಂಡುಗಳನ್ನು ಕೋಲಿನಿಂದ ಹೊಡೆಯದೆ, ಇದು ಹೀಗೆ ಹೋಗಿ ಹೀಗೆ ಬೀಳುತ್ತಿತ್ತು ಎಂದು ಸನ್ನೆಯಲ್ಲೇ ವಾದಿಸಿ, ಕೈಯಿಂದ ಎತ್ತಿ ಗುಂಡಿಗೆ ಇಳಿಸಿದರು. ಡಾರ್ಟ್ಸ್ ಆಡುವವರು ಹಲಗೆಯ ತನಕ ನಡೆದುಹೋಗಿ ಬಾಣ ಚುಚ್ಚಿ ಬಂದರು. ಜೀವಮಾನದಲ್ಲಿ ಮೆಲ್ಲಗೆ ಮಾತಾಡಿ ಗೊತ್ತಿಲ್ಲದ ಒಬ್ಬ ನಾವಿಕ ಬಿಯರನ್ನು ಕಾಗದದಲ್ಲಿ ಬರೆದು ಕೇಳಿದ.

ಕತ್ತಲಾಗುವ ಹೊತ್ತಿಗೆ ಡೆಸ್ ಕಾರಿನ ಕೀಲಿ ತೆಗೆದು ನೈರಿಯ ಕಡೆ ಬಾಗಿದ.

"ಮನೆಗೆ ಹೋಗೋಣ್ವಾ ಸಾರ್ಜೆಂಟ್? ನೀರು ಕಾಯಿಸಿ ಕೊಡ್ತೀನಿ."

ನೈರಿಯ ಮಂಡಿಗಳು ಊದಿಕೊಂಡಿದ್ದವು. ಅವಳು ತನ್ನ ಕುರ್ಚಿಯ ಕಾಲುಗಳನ್ನು ನೋಡಿದಳು, ಮರದ ನೆಲವನ್ನು ನೋಡಿದಳು, ಮೂಲೆಯನ್ನು ನೋಡಿದಳು.

"ಇರು," ಅಂದಳು. "ಕುರ್ಚಿ ಎಳೆದ್ರೆ ಸದ್ದಾಗುತ್ತೆ."